ಮನೆ-ಸೈಟ್ ಆ್ಯಡ್ ಹಾಕೋ ಏಜೆಂಟರಿಗೆ: ಪೇಪರ್ ನೋಡೋದ್ರಿಂದ ಹಿಡಿದು ಪೋಸ್ಟ್ ತೆಗೆಯೋವರೆಗೆ, ಹಂತ ಹಂತವಾಗಿ

ವಾರಕ್ಕೆ ನಾಲ್ಕೈದು ಜನ ಹೊಸ ಏಜೆಂಟರು ನನಗೆ ಪೋಸ್ಟರ್ ಕಳಿಸ್ತಾರೆ, "ಅಣ್ಣಾ ಒಂದ್ಸಲ ನೋಡಿ, ಇದನ್ನ ಹಾಕ್ಬೋದಾ" ಅಂತ. ನೋಡಿದ್ರೆ ಹತ್ತರಲ್ಲಿ ಎಂಟರಲ್ಲಿ ಅದೇ ತಪ್ಪು. ರೆರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇಲ್ಲ, ಇದ್ರೆ ಬೇರೆ ಪ್ರಾಜೆಕ್ಟ್‌ದು, ಚದರ ಅಡಿ ಲೆಕ್ಕ ಯಾವುದು ಅಂತ ಬರೆದಿಲ್ಲ, ರೇಟ್ ಪಕ್ಕದಲ್ಲಿ ಸಣ್ಣ ನಕ್ಷತ್ರದ ಗುರುತು, ಅದರ ವಿವರ ಎಲ್ಲೂ ಇಲ್ಲ. ಇವರ್ಯಾರೂ ಮೋಸ ಮಾಡೋಕೆ ಹೊರಟೋರಲ್ಲ, ಕೆಲಸದ ಕ್ರಮ ತಲೆಕೆಳಗಾಗಿರುತ್ತೆ ಅಷ್ಟೇ. ಬಿಲ್ಡರ್ ಕಡೆಯಿಂದ ವಾಟ್ಸಾಪ್‌ನಲ್ಲಿ ಫೋಟೋ ಬರುತ್ತೆ, ಅದಕ್ಕೆ ತಮ್ಮ ಹೆಸರು ನಂಬರ್ ಸೇರಿಸ್ತಾರೆ, ಗ್ರೂಪಿಗೆ ಹಾಕ್ತಾರೆ, ಪೇಪರ್ ಕೇಳೋದು ಗಿರಾಕಿ ಕೇಳಿದ ಮೇಲೆ. ಇದು ಉಲ್ಟಾ ಆಗ್ಬೇಕು. ಆ್ಯಡ್ ಕೊನೇ ಕೆಲಸ, ಪೇಪರ್ ಮೊದಲ ಕೆಲಸ. ಕೆಳಗಿನದನ್ನೆಲ್ಲ ಆ ಕ್ರಮದಲ್ಲೇ ಬರೆದಿದ್ದೀನಿ, ಕರ್ನಾಟಕದಲ್ಲಿ ಕೆಲಸ ಮಾಡೋರಿಗೆ. ಒಂದು ಹಂತದಲ್ಲಿ ಸಿಕ್ಕಿಹಾಕ್ಕೊಂಡ್ರೆ ಅಲ್ಲೇ ನಿಲ್ಲಿ, ಮುಂದಿನದಕ್ಕೆ ಹಾರಬೇಡಿ.

ಶುರು ಮಾಡೋ ಮುಂಚೆ ಕೈಯಲ್ಲಿ ಇರಬೇಕಾದ್ದು

ನಿಮ್ಮದೇ ರೆರಾ ಏಜೆಂಟ್ ಸರ್ಟಿಫಿಕೇಟ್. ಪ್ರಾಜೆಕ್ಟ್ ಆದ್ರೆ ಕರ್ನಾಟಕ ರೆರಾ ವೆಬ್‌ಸೈಟಲ್ಲಿರೋ ಅದರ ಪೇಜಿನ ಪ್ರಿಂಟು, ಅಪ್ರೂವ್ಡ್ ಪ್ಲಾನ್. ಬಿಡಿ ಸೈಟೋ ಮನೆಯೋ ಆದ್ರೆ ಕ್ರಯಪತ್ರ, ಖಾತಾ, ಇಸಿ (ಆಸ್ತಿ ಮೇಲೆ ಸಾಲ, ಋಣ ಏನಿದೆ ಅಂತ ತೋರಿಸೋ ಪತ್ರ), ಕನ್ವರ್ಷನ್ ಆರ್ಡರ್, ಲೇಔಟ್ ನಕ್ಷೆ. ಇದ್ರ ಜೊತೆ ಒಂದು ಅಳತೆ ಟೇಪು, ಆಗೋದಾದ್ರೆ ಲೇಸರ್ ಮೀಟರ್, ಆಮೇಲೆ ಫೋನಲ್ಲೋ ಕಂಪ್ಯೂಟರಲ್ಲೋ ಪ್ರತಿ ಪ್ರಾಪರ್ಟಿಗೂ ಒಂದೊಂದು ಫೋಲ್ಡರ್. ಈ ಫೋಲ್ಡರ್ ಯಾಕೆ ಅಂತ ಕೊನೆ ಹಂತದಲ್ಲಿ ಹೇಳ್ತೀನಿ, ಆದ್ರೆ ಮಾಡೋದು ಮೊದಲ ದಿನವೇ.

ಹಂತ 1: ಮೊದಲು ನಿಮ್ಮದೇ ರಿಜಿಸ್ಟ್ರೇಷನ್ ನೋಡ್ಕೊಳ್ಳಿ

2016ರ ರಿಯಲ್ ಎಸ್ಟೇಟ್ ಕಾಯ್ದೆಯಲ್ಲಿ (ರೆರಾ ಕಾಯ್ದೆ ಅನ್ನೋದು ಇದನ್ನೇ, ಕೆಳಗೆ ಬರೋ ಸೆಕ್ಷನ್‌ಗಳೆಲ್ಲ ಇದರದೇ) ಏಜೆಂಟ್ ಅನ್ನೋ ಪದದ ಅರ್ಥ ತುಂಬಾ ಅಗಲ ಇದೆ. ಕಮಿಷನ್ ತಗೊಂಡು ಕೊಳ್ಳೋರನ್ನ ಮಾರೋರನ್ನ ಯಾವ ಮಾಧ್ಯಮದಲ್ಲಾದ್ರೂ ಸರಿ ಒಬ್ಬರಿಗೊಬ್ಬರನ್ನ ಪರಿಚಯ ಮಾಡಿಸೋನೂ ಏಜೆಂಟೇ, ಬ್ರೋಕರ್, ಮಧ್ಯವರ್ತಿ, ಡೀಲರ್ ಏನಂತ ಕರ್ಕೊಂಡ್ರೂ ಏಜೆಂಟೇ. "ನಾನು ಬರೀ ಲೀಡ್ ಕೊಡ್ತೀನಿ" ಅಂದ್ರೆ ನಡೆಯಲ್ಲ. ರೆರಾದಲ್ಲಿರೋ ಪ್ರಾಜೆಕ್ಟ್ ಮಾರಿಸ್ಬೇಕಾದ್ರೆ ಸೆಕ್ಷನ್ 9ರ ಪ್ರಕಾರ ನಿಮ್ಮ ರಿಜಿಸ್ಟ್ರೇಷನ್ ಇರಲೇಬೇಕು, ಮಾಡಿಸಿಕೊಟ್ಟ ಪ್ರತಿ ವ್ಯವಹಾರದಲ್ಲೂ ಆ ನಂಬರ್ ಹಾಕಬೇಕು. ಸರ್ಟಿಫಿಕೇಟ್ 5 ವರ್ಷಕ್ಕೆ ಅಷ್ಟೇ, ಮುಗಿಯೋ ತಾರೀಕು ಈಗ್ಲೇ ನೋಡಿ ಕ್ಯಾಲೆಂಡರಲ್ಲಿ ಹಾಕ್ಕೊಳ್ಳಿ.

ಬೆಂಗಳೂರಿನೋರು ಇಲ್ಲಿ ಎಡವೋದು ಹೊಸೂರಿನ ವಿಷಯದಲ್ಲಿ. ಏಜೆಂಟ್ ರಿಜಿಸ್ಟ್ರೇಷನ್ ಒಂದು ರಾಜ್ಯಕ್ಕೆ ಸೀಮಿತ. ಅತ್ತಿಬೆಲೆ ಟೋಲ್ ದಾಟಿ ಆ ಕಡೆ ಇರೋ ಲೇಔಟ್ ತಮಿಳುನಾಡು ರೆರಾಗೆ ಸೇರಿದ್ದು, ಕರ್ನಾಟಕದ ನಂಬರ್ ಇಟ್ಕೊಂಡು ಅದನ್ನ ಮಾರಿಸೋಕೆ ಆಗಲ್ಲ, ಪೋಸ್ಟರ್ ಮೇಲೆ "ಬೆಂಗಳೂರು ಸೌತ್" ಅಂತ ಬರೆದ ಮಾತ್ರಕ್ಕೆ ರಾಜ್ಯ ಬದಲಾಗಲ್ಲ.

ದಂಡ ಎಷ್ಟು ಅಂತ ಎಲ್ರೂ ಕೇಳ್ತಾರೆ. ಸೆಕ್ಷನ್ 9 ಅಥವಾ 10 ಮೀರಿದ್ರೆ ದಿನಕ್ಕೆ 10,000 ರೂಪಾಯಿ, ಅದು ಸೇರ್ತಾ ಸೇರ್ತಾ ಆ ಮನೆ ಅಥವಾ ಸೈಟಿನ ಬೆಲೆಯ 5% ತನಕ ಹೋಗ್ಬೋದು. 80 ಲಕ್ಷದ ಫ್ಲ್ಯಾಟ್‌ಗೆ 4 ಲಕ್ಷ ಆಯ್ತು. ನಿಮಗೆ 2% ಕಮಿಷನ್ ಸಿಕ್ಕಿದ್ರೂ ಅದು 1.6 ಲಕ್ಷ.

ಹಂತ 2: ಪ್ರಾಜೆಕ್ಟ್ ಆ್ಯಡ್ ಹಾಕೋ ಸ್ಥಿತೀಲಿ ಇದೆಯಾ?

ಸೆಕ್ಷನ್ 3 ಹೇಳೋದು ಸರಳ: ರಿಜಿಸ್ಟರ್ ಆಗದೆ ಆ್ಯಡ್, ಮಾರ್ಕೆಟಿಂಗ್, ಬುಕಿಂಗ್, ಮಾರಾಟ, "ಬನ್ನಿ ತಗೊಳ್ಳಿ" ಅಂತ ಕರೆಯೋದು, ಯಾವುದೂ ಇಲ್ಲ. ಸೆಕ್ಷನ್ 10 ಅದೇ ಮಾತನ್ನ ಏಜೆಂಟಿಗೂ ಹೇಳುತ್ತೆ, ರಿಜಿಸ್ಟರ್ ಆಗದ ಪ್ರಾಜೆಕ್ಟ್ ಮಾರಿಸಬಾರ್ದು. ಹಾಗಾಗಿ ಪ್ರೀ-ಲಾಂಚ್ ಆಫರ್, "ಸಾಫ್ಟ್ ಲಾಂಚ್", ಇಒಐ (ತಗೊಳ್ಳೋ ಆಸಕ್ತಿ ಇದೆ ಅನ್ನೋ ಪತ್ರ) ಹೆಸರಲ್ಲಿ ಒಂದು ಲಕ್ಷದ ಚೆಕ್ ತಗೊಳ್ಳೋದು, "ರೆರಾ ಬರ್ತಾ ಇದೆ, ಈಗ ತಗೊಂಡ್ರೆ ರೇಟ್ ಕಡಿಮೆ" ಅನ್ನೋ ಸ್ಟೇಟಸ್, ಇವೆಲ್ಲ ಅದೇ ತಪ್ಪಿನ ಬೇರೆ ಬೇರೆ ಹೆಸರು. ಗ್ರೂಪಲ್ಲಿ ಹಾಕಿದ್ದು ಆ್ಯಡ್ ಅಲ್ಲ ಅಂತಾರೆ ಕೆಲವರು. ಕಾಯ್ದೆಯಲ್ಲಿ ಆ್ಯಡ್ ಅಂದ್ರೆ ಯಾವ ಮಾಧ್ಯಮದಲ್ಲಾದ್ರೂ ಯಾವ ರೂಪದಲ್ಲಾದ್ರೂ ಮಾಡಿದ ಪ್ರಚಾರ, ನೋಟಿಸು ಸುತ್ತೋಲೆ ಕೂಡ ಸೇರುತ್ತೆ. ವಾಟ್ಸಾಪ್ ಸ್ಟೇಟಸ್ ಅದರಿಂದ ಹೊರಗಿಲ್ಲ.

ಚಿಕ್ಕ ಪ್ರಾಜೆಕ್ಟ್‌ಗೆ ವಿನಾಯ್ತಿ ಇದೆ, ಜಮೀನು 500 ಚದರ ಮೀಟರ್ ಮೀರದಿದ್ರೆ ಅಥವಾ ಎಲ್ಲಾ ಹಂತ ಸೇರಿ 8 ಅಪಾರ್ಟ್‌ಮೆಂಟ್ ಮೀರದಿದ್ರೆ. ಲೇಔಟ್ ಮಾಡೋರು "ನಮ್ದು ಬರೀ ಐದು ಗುಂಟೆ, ರೆರಾ ಬೇಡ" ಅಂತಾರಲ್ಲ, ಲೆಕ್ಕ ಹಾಕಿ ನೋಡಿ. 500 ಚದರ ಮೀಟರ್ ಅಂದ್ರೆ ಸುಮಾರು 5,382 ಚದರ ಅಡಿ. ಒಂದು ಗುಂಟೆ 1,089 ಚದರ ಅಡಿ, ಐದು ಗುಂಟೆ 5,445. ಐದಕ್ಕೇ ಗೆರೆ ದಾಟಿಬಿಡ್ತು. ಅರ್ಧ ಎಕರೆ, ಒಂದು ಎಕರೆ ಲೇಔಟ್ ಬಗ್ಗೆ ಮಾತೇ ಬೇಡ.

ಈಗ ರೆರಾ ಸೈಟ್ ತೆಗೆಯಿರಿ. ಪ್ರಾಜೆಕ್ಟ್ ಹೆಸರು ಹಾಕಿ ಹುಡುಕಿ, ಬಿಲ್ಡರ್ ಕೊಟ್ಟ ನಂಬರನ್ನ ಅದರ ಜೊತೆ ಅಕ್ಷರ ಅಕ್ಷರ ಹೋಲಿಸಿ. 'ಪಿಆರ್‌ಎಂ' ಅಂತ ಶುರುವಾದ್ರೆ ಅದು ರಿಜಿಸ್ಟ್ರೇಷನ್ ನಂಬರ್, 'ಎಸಿಕೆ' ಅಂತ ಶುರುವಾದ್ರೆ ಅದು ಬರೀ ಅರ್ಜಿ ಹಾಕಿದ ಸ್ವೀಕೃತಿ ನಂಬರ್, ಅದನ್ನಿಟ್ಕೊಂಡು ಆ್ಯಡ್ ಹಾಕೋ ಹಾಗಿಲ್ಲ. ನಡುವೆ 'ಪಿಆರ್' ಇದ್ರೆ ಪ್ರಾಜೆಕ್ಟ್, 'ಎಜಿ' ಇದ್ರೆ ಏಜೆಂಟ್. ಎಷ್ಟೋ ಪೋಸ್ಟರಲ್ಲಿ ಏಜೆಂಟ್ ನಂಬರನ್ನೇ ದಪ್ಪಕ್ಕೆ "ರೆರಾ ಅಪ್ರೂವ್ಡ್" ಅಂತ ಹಾಕಿರ್ತಾರೆ, ನೋಡಿದೋರು ಪ್ರಾಜೆಕ್ಟೇ ಅಪ್ರೂವ್ ಆಗಿದೆ ಅಂದ್ಕೋತಾರೆ. ಆಮೇಲೆ ಪ್ರಮೋಟರ್ (ಅಂದ್ರೆ ಬಿಲ್ಡರ್) ಹೆಸರು, ಸರ್ವೆ ನಂಬರ್, ಹೋಬಳಿ, ಮುಗಿಸಬೇಕಾದ ತಾರೀಕು, ಅವಧಿ ವಿಸ್ತರಣೆ ಆಗಿದೆಯಾ, ಇಷ್ಟನ್ನ ಒಂದೊಂದಾಗಿ ನೋಡಿ.

ಹಂತ ಅಂದ್ರೆ ಫೇಸ್ ವಿಷಯ ಬೇರೆಯಾಗೇ ಹೇಳ್ಬೇಕು, ಯಾಕಂದ್ರೆ ನಾನು ಕಲಿತಿದ್ದು ಇಲ್ಲೇ. ಕೆಲವು ವರ್ಷದ ಹಿಂದೆ ನೆಲಮಂಗಲದ ಕಡೆ ಒಂದು ಲೇಔಟಿನ ಎರಡನೇ ಫೇಸ್ ಮಾರಿಸ್ತಿದ್ದೆ. ಬಿಲ್ಡರ್ ಕೊಟ್ಟ ನಂಬರನ್ನೇ ಪಾಂಪ್ಲೆಟಲ್ಲಿ ಹಾಕಿದ್ದೆ. ತುಮಕೂರಿನಿಂದ ಒಬ್ಬರು ರಿಟೈರ್ಡ್ ಮೇಷ್ಟ್ರು ಬಂದಿದ್ರು, ಜೊತೆಗೆ ಮಗಳು. ಸೈಟ್ ಆಫೀಸಿನ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು, ಮಗಳು ಫೋನಲ್ಲಿ ರೆರಾ ಪೇಜ್ ತೆಗೆದು ಪಾಂಪ್ಲೆಟ್ ಪಕ್ಕ ಇಟ್ಕೊಂಡು ಒಂದೊಂದೇ ಸರ್ವೆ ನಂಬರ್ ಓದಿದ್ರು. ನಾವು ನಿಂತಿದ್ದ ಜಮೀನಿನ ಸರ್ವೆ ನಂಬರ್ ಅದರಲ್ಲಿ ಇರಲೇ ಇಲ್ಲ, ಅದು ಮೊದಲನೇ ಫೇಸಿಂದು. ಮೇಷ್ಟ್ರು ಕೋಪ ಮಾಡ್ಕೊಳ್ಳಲಿಲ್ಲ, "ನೀವು ಒಂದ್ಸಲನಾದ್ರೂ ತೆಗೆದು ನೋಡಿದ್ರಾ ಸ್ವಾಮಿ?" ಅಂದ್ರು ಅಷ್ಟೇ. ನೋಡಿರಲಿಲ್ಲ. ಅವರ ಕೈಯಲ್ಲಿದ್ದ ಬ್ಯಾಗಲ್ಲಿ ಅಡ್ವಾನ್ಸಿನ ಚೆಕ್ ಬುಕ್ ಇತ್ತು, ಅದನ್ನ ನೆನೆಸಿಕೊಂಡ್ರೆ ಇವತ್ತಿಗೂ ಹೊಟ್ಟೆ ಕಿವುಚಿದ ಹಾಗಾಗುತ್ತೆ. ಕಾಯ್ದೆ ಪ್ರಕಾರ ಪ್ರತಿ ಫೇಸೂ ಒಂದು ಪ್ರತ್ಯೇಕ ಪ್ರಾಜೆಕ್ಟ್, ಪ್ರತಿಯೊಂದಕ್ಕೂ ಬೇರೆ ರಿಜಿಸ್ಟ್ರೇಷನ್. ಸರ್ವೆ ನಂಬರ್ ಹೋಲಿಸದೆ ಈ ಹಂತ ದಾಟಬೇಡಿ.

ಹುಷಾರಾಗಬೇಕಾದ ಸೂಚನೆಗಳು: ನಂಬರ್ ಕೇಳಿದ್ರೆ "ಆಫೀಸಿಗೆ ಬನ್ನಿ ಕೊಡ್ತೀವಿ" ಅನ್ನೋದು, ಬರೀ ಸರ್ಟಿಫಿಕೇಟಿನ ಮಸುಕು ಫೋಟೋ ಕಳಿಸೋದು, ಪ್ರಾಜೆಕ್ಟ್ ಹೆಸರು ಸೈಟಲ್ಲಿ ಒಂದು ಪೋಸ್ಟರಲ್ಲಿ ಇನ್ನೊಂದು ಇರೋದು, 10% ಮೀರಿ ಅಡ್ವಾನ್ಸ್ ಕೇಳೋದು. ಕೊನೇದು ಸೆಕ್ಷನ್ 13ರ ವಿಷಯ, ಮಾರಾಟ ಕರಾರು ರಿಜಿಸ್ಟರ್ ಆಗೋ ತನಕ ಬೆಲೆಯ 10%ಗಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ. "20% ಕಟ್ಟಿ ಇವತ್ತೇ ಬುಕ್ ಮಾಡಿ" ಅಂತ ಪೋಸ್ಟರಲ್ಲಿ ಬರೆದ್ರೆ ನಿಮ್ಮ ಕೈಯಾರೆ ನೀವೇ ಸಾಕ್ಷಿ ಬರೆದುಕೊಟ್ಟ ಹಾಗೆ.

ಹಂತ 3: ಬಿಡಿ ಸೈಟು, ಹಳೇ ಮನೆ ಆದ್ರೆ ಪೇಪರಿನ ಭಾಷೆ ಸರಿ ಮಾಡ್ಕೊಳ್ಳಿ

ಹಳೇ ಮನೆ ರೀಸೇಲಿಗೆ ರೆರಾ ನೇರವಾಗಿ ಬರದೇ ಇರಬೋದು, ಆದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದ್ದೇ ಇದೆ, ದಾರಿತಪ್ಪಿಸೋ ಜಾಹೀರಾತು ಅಲ್ಲಿ ತಪ್ಪು. ಇಲ್ಲಿ ಏಜೆಂಟರು ಜಾಸ್ತಿ ಜಾರೋದು ನಾಲ್ಕು ಪದಗಳ ಮೇಲೆ.

ಖಾತಾ. ಖಾತಾ ಅಂದ್ರೆ ತೆರಿಗೆ ಕಟ್ಟೋಕೆ ಇರೋ ದಾಖಲೆ, ಅದು ಹಕ್ಕುಪತ್ರ ಅಲ್ಲ. "ಎ ಖಾತಾ, ಕ್ಲಿಯರ್ ಟೈಟಲ್" ಅಂತ ಒಂದೇ ಉಸಿರಲ್ಲಿ ಬರೀತಾರೆ, ಎರಡೂ ಬೇರೆ ಬೇರೆ. ಟೈಟಲ್ ಕ್ಲಿಯರ್ ಅಂತ ಹೇಳೋದು ವಕೀಲರ ಕೆಲಸ, ನೀವು "ಎ ಖಾತಾ ಇದೆ" ಅಂತಷ್ಟೇ ಬರೀರಿ. ಬಿ ಖಾತಾ (ಅನುಮೋದನೆ, ನಿಯಮದ ತೊಡಕಿರೋ ಆಸ್ತಿಗೆ ಕೊಡೋದು) ಆದ್ರೆ ಬಿ ಖಾತಾ ಅಂತಲೇ ಹಾಕಿ, "ಸದ್ಯದಲ್ಲೇ ಎ ಆಗುತ್ತೆ" ಅನ್ನೋ ಭರವಸೆ ನಿಮ್ಮದಲ್ಲ. ಪಂಚಾಯ್ತಿ ಸೈಟಾದ್ರೆ ಇ-ಸ್ವತ್ತಿನಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರ್ಮ್ 9 ಮತ್ತು 11ಎ ಇದೆಯಾ, ಅಥವಾ ಅನುಮೋದನೆ ಇಲ್ಲದ ಆಸ್ತಿಗೆ ಕೊಡೋ 11ಬಿನಾ ಅಂತ ನೋಡಿ ಬರೀರಿ, ಸುಮ್ನೆ "ಇ-ಖಾತಾ ಇದೆ" ಅಂದ್ರೆ ಈ ವ್ಯತ್ಯಾಸ ಮುಚ್ಚಿಹೋಗುತ್ತೆ.

ಡಿಸಿ ಕನ್ವರ್ಷನ್. ಇದು ಕೃಷಿ ಜಮೀನನ್ನ ಬೇರೆ ಉಪಯೋಗಕ್ಕೆ ಬದಲಾಯಿಸಿಕೊಳ್ಳೋಕೆ ಅನುಮತಿ, ಲೇಔಟ್ ನಕ್ಷೆ ಮಂಜೂರಾತಿ ಅಲ್ಲ. ಕನ್ವರ್ಷನ್ ಆಗಿದ್ದು ನಕ್ಷೆ ಅಪ್ರೂವ್ ಆಗದ ಲೇಔಟ್ ಬೇಕಾದಷ್ಟಿವೆ. ಹಾಗಾಗಿ "ಡಿಸಿ ಕನ್ವರ್ಟೆಡ್, ಫುಲ್ಲಿ ಅಪ್ರೂವ್ಡ್" ಅಂತ ಸೇರಿಸಿ ಬರೀಬೇಡಿ, ನಕ್ಷೆ ಯಾರು ಮಂಜೂರು ಮಾಡಿದ್ದು ಅಂತ ಹೆಸರು ಹಾಕಿ, ಬಿಡಿಎನಾ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ), ಬಿಎಂಆರ್‌ಡಿಎ (ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕೆಳಗಿನ ಯೋಜನಾ ಪ್ರಾಧಿಕಾರನಾ. "ಬಿಡಿಎ ಅಪ್ರೂವ್ಡ್" ಬೇರೆ, ಬಿಡಿಎನೇ ಹಂಚಿದ "ಬಿಡಿಎ ಸೈಟ್" ಬೇರೆ.

ರೆಡಿ ಟು ಮೂವ್. ಕಟ್ಟಡ ಮುಗಿದಿದೆ, ಲಿಫ್ಟ್ ಓಡ್ತಿದೆ, ಆದ್ರೆ ಒಸಿ (ವಾಸಕ್ಕೆ ಯೋಗ್ಯ ಅಂತ ಕೊಡೋ ಸ್ವಾಧೀನ ಪ್ರಮಾಣಪತ್ರ) ಸಿಕ್ಕಿದೆಯಾ? 2024ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಒಸಿ ಇಲ್ಲದ ಕಟ್ಟಡಕ್ಕೆ ಕರೆಂಟು ನೀರು ಕೊಡಬಾರ್ದು ಅಂತ ಹೇಳಿದ ಮೇಲೆ ಇದು ಬರೀ ಪೇಪರ್ ಮಾತಲ್ಲ. ಒಸಿ ಪ್ರತಿ ನಿಮ್ಮ ಫೋಲ್ಡರಲ್ಲಿ ಇಲ್ಲದಿದ್ರೆ ಆ ಮೂರು ಪದ ಬೇಡ.

ಫಾರ್ಮ್ ಪ್ಲಾಟ್. 2020ರ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದೋರೂ ಕೃಷಿ ಜಮೀನು ತಗೋಬೋದು, ಅದು ನಿಜ. ಆದ್ರೆ ಅದು ಕೃಷಿ ಜಮೀನಾಗೇ ಇರುತ್ತೆ, ಅದನ್ನ "ವೀಕೆಂಡ್ ವಿಲ್ಲಾ ಸೈಟ್" ಅಂತ ಮಾರಿಸಿದ್ರೆ ತಗೊಂಡೋರು ಮನೆ ಕಟ್ಟೋಕೆ ಹೋದಾಗ ನಿಮ್ಮ ಪೋಸ್ಟರ್ ಹಿಡ್ಕೊಂಡು ಬರ್ತಾರೆ. ಮಂಜೂರಾದ ಜಮೀನಿನ ವಾಸನೆ ಬಂದ್ರೆ, ಅಂದ್ರೆ 1978ರ ಪಿಟಿಸಿಎಲ್ ಕಾಯ್ದೆಗೆ (ಪರಿಶಿಷ್ಟ ಜಾತಿ, ಪಂಗಡದೋರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಮಾರಾಟಕ್ಕೆ ತಡೆ ಹಾಕೋದು) ಬರೋ ಜಮೀನಿರಬೋದು ಅನ್ನಿಸಿದ್ರೆ, ವಕೀಲರು ನೋಡೋ ತನಕ ಆ್ಯಡ್ ಬೇಡವೇ ಬೇಡ.

ಹಂತ 4: ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ

ಚಿಕ್ಕ ಕೆಲಸ, ಆದ್ರೆ ಯಾರೂ ಮಾಡಲ್ಲ. ಒಬ್ಬ ಏಜೆಂಟ್ ಹಾಕಿದ ಫೋಟೋನ ಇನ್ನೊಬ್ಬ ತಗೊಂಡು ತನ್ನ ನಂಬರ್ ಹಾಕಿ, 5 ಲಕ್ಷ ಕಡಿಮೆ ರೇಟ್ ಬರೆದು ಗಿರಾಕಿ ಎಳೆಯೋದು ದಿನಾ ನಡೆಯುತ್ತೆ. ಫೋನ್ ಮಾಡಿದ್ರೆ "ಅದು ಈಗ್ತಾನೆ ಹೋಯ್ತು ಸರ್, ಬೇರೆ ತೋರಿಸ್ತೀನಿ". ಇದಕ್ಕೆ ಗಾಳದ ಆ್ಯಡ್ ಅನ್ನಬೋದು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯಲ್ಲಿ ಇದನ್ನೇ ಹೆಸರಿಟ್ಟು ತಡೆದಿದ್ದಾರೆ. ಮಾಲೀಕರ ಹತ್ರ ಒಂದು ಹಾಳೆ ಬರೆಸ್ಕೊಳ್ಳಿ ಅಥವಾ ಕನಿಷ್ಠ ವಾಟ್ಸಾಪಲ್ಲಿ ಮೆಸೇಜ್ ಇರಲಿ: ಯಾವ ಪ್ರಾಪರ್ಟಿ, ಎಷ್ಟು ರೇಟ್, ಎಷ್ಟು ದಿನ, ಫೋಟೋ ಹಾಕ್ಬೋದಾ. ಜಂಟಿ ಆಸ್ತಿ ಆದ್ರೆ ಎಲ್ಲಾ ಅಣ್ಣತಮ್ಮಂದಿರು, ಅಕ್ಕತಂಗಿಯರಿಗೂ ಗೊತ್ತಿದೆಯಾ ಅಂತ ಕೇಳಿ. ಆ್ಯಡ್ ನೋಡಿಯೇ ತಂಗಿಗೆ ವಿಷಯ ಗೊತ್ತಾಗಿ ಕೇಸ್ ಆಗಿರೋ ಮನೆಗಳನ್ನ ನಾನು ಕಂಡಿದ್ದೀನಿ.

ಹಂತ 5: ಈಗ ಬರೀರಿ, ಒಂದೊಂದು ಸಾಲನ್ನೂ ತೂಕ ಮಾಡಿ

ಅಳತೆ. ಕಾರ್ಪೆಟ್ ಏರಿಯಾನೇ ಮೊದಲು, ದೊಡ್ಡದಾಗಿ. ಕಾರ್ಪೆಟ್ ಅಂದ್ರೆ ಮನೆ ಒಳಗೆ ಉಪಯೋಗಕ್ಕೆ ಬರೋ ಜಾಗ, ಒಳಗಿನ ಗೋಡೆ ಸೇರುತ್ತೆ, ಹೊರಗಿನ ಗೋಡೆ, ಶಾಫ್ಟ್ (ಪೈಪು, ವೈರು ಹೋಗೋ ಕಿಂಡಿ), ಬಾಲ್ಕನಿ, ತೆರೆದ ಟೆರೇಸ್ ಸೇರಲ್ಲ. 1,250 ಅಂತ ಸೂಪರ್ ಬಿಲ್ಟ್-ಅಪ್ (ಗೋಡೆ, ಮೆಟ್ಟಿಲು, ಲಿಫ್ಟಿನಂಥ ಎಲ್ರೂ ಹಂಚಿಕೊಳ್ಳೋ ಜಾಗನೂ ಸೇರಿದ ಅಳತೆ) ಹಾಕಿ ಒಳಗೆ 880 ಇದ್ರೆ, ಗಿರಾಕಿ ಸೋಫಾ ಇಡೋಕೆ ಹೋದಾಗ ವ್ಯತ್ಯಾಸ ಕಾಣುತ್ತೆ. ರೀಸೇಲ್ ಮನೆ ಆದ್ರೆ ನೀವೇ ಟೇಪ್ ಹಿಡೀರಿ, ಅರ್ಧ ಗಂಟೆ ಕೆಲಸ. ಸೈಟಾದ್ರೆ ಮೂಲೆ ಸೈಟು ಹೆಚ್ಚಾಗಿ ಚೌಕ ಇರಲ್ಲ, 30x40 ಅಂತ ಬರೆಯೋ ಮುಂಚೆ ನಾಲ್ಕೂ ಕಡೆ ಅಳೆಯಿರಿ.

ರೇಟ್. "80 ಲಕ್ಷದಿಂದ ಶುರು" ಅಂತ ಹಾಕಿದ್ರೆ ಆ ರೇಟಿಗೆ ನಿಜವಾಗ್ಲೂ ಮನೆ ಇರಬೇಕು. ಜೊತೆಗೆ ಮೇಲಿನ ಖರ್ಚು ಏನೇನು ಅಂತ ಒಂದು ಸಾಲು. ಕಟ್ಟುತ್ತಾ ಇರೋ 80 ಲಕ್ಷದ ಫ್ಲ್ಯಾಟ್ ತಗೊಳ್ಳಿ: ಜಿಎಸ್‌ಟಿ 5% ಅಂದ್ರೆ 4 ಲಕ್ಷ, ನಗರದಲ್ಲಿ ಸ್ಟಾಂಪ್ ಡ್ಯೂಟಿ ಸೆಸ್ ಸರ್‌ಚಾರ್ಜ್ ಸೇರಿ 5.6% ಅಂದ್ರೆ 4.48 ಲಕ್ಷ, ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ 31ರಿಂದ 2% ಆಗಿದೆ, ಅದು 1.6 ಲಕ್ಷ. ಒಟ್ಟು 10 ಲಕ್ಷ ದಾಟ್ತು, ಪಾರ್ಕಿಂಗು, ಕ್ಲಬ್ಬು, ಮೇಂಟೆನೆನ್ಸ್ ಡಿಪಾಸಿಟ್ಟು ಇನ್ನೂ ಸೇರಿಸಿಲ್ಲ. ಹಳೇ 1% ಫೀ ಲೆಕ್ಕದ ಪೋಸ್ಟರ್ ಇನ್ನೂ ಓಡಿಸ್ತಿರೋರು ಮೊದಲು ಅದನ್ನ ತೆಗೆಯಿರಿ. ಒಸಿ ಬಂದ ಮೇಲೆ ಮಾರಿದ್ರೆ ಜಿಎಸ್‌ಟಿ ಇಲ್ಲ, ಅದನ್ನ "ಇವತ್ತಿನ ಸ್ಪೆಷಲ್ ಆಫರ್, ಜಿಎಸ್‌ಟಿ ಫ್ರೀ" ಅಂತ ಬರೆಯೋದೂ ಸುಳ್ಳೇ, ಕಾನೂನು ಕೊಟ್ಟಿದ್ದನ್ನ ನೀವು ಕೊಟ್ಟ ಹಾಗೆ ತೋರಿಸ್ತಿದ್ದೀರಿ.

ದೂರ. ನಿಮಿಷದಲ್ಲಿ ಬರೀಬೇಡಿ. ಬೆಂಗಳೂರಲ್ಲಿ ನಿಮಿಷಕ್ಕೆ ಏನು ಬೆಲೆ? ಭಾನುವಾರ ಬೆಳಗ್ಗೆ 6ಕ್ಕೆ ಹತ್ತು ನಿಮಿಷ ಆಗೋ ದಾರಿ ಸೋಮವಾರ 9ಕ್ಕೆ ಮುಕ್ಕಾಲು ಗಂಟೆ. ಕಿ.ಮೀ.ನಲ್ಲಿ ಬರೀರಿ, ಎಲ್ಲಿಂದ ಎಲ್ಲಿಗೆ ಅಂತ ಹೆಸರು ಹೇಳಿ ಬರೀರಿ, "ರೇಷ್ಮೆ ಸಂಸ್ಥೆ ಮೆಟ್ರೋ ಸ್ಟೇಷನ್‌ನಿಂದ ರಸ್ತೆ ಮೇಲೆ 6.5 ಕಿ.ಮೀ." ಅನ್ನೋ ಹಾಗೆ. ಗಾಡೀಲಿ ಹೋಗಿ ಮೀಟರ್ ನೋಡಿ, ಮ್ಯಾಪಲ್ಲಿ ಗೆರೆ ಎಳೆದು ಅಳೆದ ದೂರ ಹಕ್ಕಿಗೆ ಸರಿ.

ಮುಂದೆ ಬರೋ ರಸ್ತೆ, ಮೆಟ್ರೋ. ಬೆಂಗಳೂರಿನ ಹೊರವಲಯ ಸುತ್ತಿ ಬರುತ್ತೆ ಅಂತಿದ್ದ ಪೆರಿಫೆರಲ್ ರಿಂಗ್ ರೋಡ್ ಹೆಸರು ಹೇಳಿ ಎಷ್ಟು ವರ್ಷದಿಂದ ಸೈಟು ಮಾರಿದ್ದೀವಿ ನಾವು, ಆಗ ತಗೊಂಡೋರ ಮಕ್ಕಳು ಕಾಲೇಜು ಮುಗಿಸಿದ್ರು, ಆ ರಸ್ತೆ ಮೇಲೆ ಇನ್ನೂ ಯಾರೂ ಗಾಡಿ ಓಡಿಸಿಲ್ಲ. ಮದಾವರದ ತನಕ ಮೆಟ್ರೋ ಬಂದಿದ್ದು 2024ರ ನವೆಂಬರಲ್ಲಿ, ಬೊಮ್ಮಸಂದ್ರಕ್ಕೆ ಬಂದಿದ್ದು 2025ರ ಆಗಸ್ಟಲ್ಲಿ, ಅಲ್ಲಿಗೆ ಅಂತ ಅದಕ್ಕೂ ಎಷ್ಟೋ ಮುಂಚೆ ರೇಟ್ ಏರಿಸಿ ಮಾರಿದೋರು ನಮ್ಮಲ್ಲೇ ಇದ್ದಾರೆ. ಓಡ್ತಾ ಇರೋದನ್ನ "ಇದೆ" ಅನ್ನಿ, ಕೆಲಸ ನಡೀತಿರೋದನ್ನ "ಕಟ್ಟುತ್ತಿದ್ದಾರೆ" ಅನ್ನಿ, ಪ್ರಸ್ತಾವನೆ ಮಾತ್ರ ಇದ್ರೆ ಆ್ಯಡಲ್ಲಿ ಹಾಕ್ಲೇಬೇಡಿ.

ಫೋಟೋ. ಅದೇ ಮನೆ, ಅದೇ ಸೈಟು, ಈಗಿನದು. ಕಂಪ್ಯೂಟರಲ್ಲಿ ಮಾಡಿದ ಚಿತ್ರ ಆದ್ರೆ ಚಿತ್ರದ ಮೇಲೇ "ಕಲ್ಪನಾ ಚಿತ್ರ" ಅಂತ ಓದೋಕಾಗೋ ಅಕ್ಷರದಲ್ಲಿ ಹಾಕಿ. ಈಗ ಎಐ ಹಾಕಿ ಖಾಲಿ ಜಾಗದಲ್ಲಿ ಕೆರೆ, ಹುಲ್ಲುಹಾಸು ಬೆಳೆಸೋರು ಜಾಸ್ತಿ ಆಗಿದ್ದಾರೆ. ಪಕ್ಕದ ರಾಜಕಾಲುವೆನ, ಹೈಟೆನ್ಷನ್ ತಂತಿನ ಫೋಟೋದಿಂದ ಅಳಿಸಿದ್ರೆ ಅದು ಅಲಂಕಾರ ಅಲ್ಲ, ಮುಚ್ಚಿಡೋದು.

ಪಾರ್ಕಿಂಗ್ ಬಗ್ಗೆ ಒಂದೇ ಮಾತು: ತೆರೆದ ಪಾರ್ಕಿಂಗ್ ಎಲ್ರಿಗೂ ಸೇರಿದ ಜಾಗ, ಅದನ್ನ ಬಿಲ್ಡರ್ ಬೇರೆಯಾಗಿ ಮಾರೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ನೀವು ರೇಟ್ ಹಾಕಿ ಪ್ರಚಾರ ಮಾಡಬೇಡಿ.

ಬಿಟ್ಟುಬಿಡಬೇಕಾದ ಪದಗಳು: "100% ಲೀಗಲ್", "ಗ್ಯಾರಂಟಿ ರಿಟರ್ನ್", "ಎರಡು ವರ್ಷದಲ್ಲಿ ಡಬಲ್", "ಕೊನೇ 2 ಮಾತ್ರ" (ಇಪ್ಪತ್ತು ಇರೋವಾಗ), "ನಂಬರ್ ಒನ್". "ಬ್ಯಾಂಕ್ ಅಪ್ರೂವ್ಡ್" ಅಂದ್ರೆ ಯಾವ ಬ್ಯಾಂಕು ಅಂತ ಹೆಸರು ಹಾಕಿ, ಅದರ ಪತ್ರ ಫೋಲ್ಡರಲ್ಲಿ ಇರಲಿ. ಬಾಡಿಗೆ ಆ್ಯಡಲ್ಲಿ ಜಾತಿ, ಧರ್ಮದ ಹೆಸರು ಬರೆಯೋದನ್ನೂ ಇದೇ ಪಟ್ಟಿಗೆ ಸೇರಿಸ್ತೀನಿ. ಮಾಲೀಕರು ಎಷ್ಟೇ ಒತ್ತಾಯ ಮಾಡಿದ್ರೂ ನಾನು ಹಾಕಲ್ಲ, ಎರಡು ಮನೆ ಕೈತಪ್ಪಿವೆ, ಹೋಗ್ಲಿ. ಮನೆ ಹುಡುಕ್ತಿರೋ ಒಬ್ಬ ಹುಡುಗಿ ಆ ಸಾಲು ಓದಿ ಫೋನ್ ಕೆಳಗಿಡೋದನ್ನ ನೆನೆಸಿಕೊಂಡ್ರೆ ಸಾಕು.

ಹಂತ 6: ನಂಬರ್, ವೆಬ್‌ಸೈಟ್, ಷರತ್ತಿನ ಸಾಲು

ಪ್ರಾಜೆಕ್ಟಿನ ಆ್ಯಡ್, ಬ್ರೋಷರ್ ಎಲ್ಲದರಲ್ಲೂ ರೆರಾ ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಎದ್ದು ಕಾಣೋ ಹಾಗೆ ಇರಬೇಕು, ಜೊತೆಗೆ ಪ್ರಾಜೆಕ್ಟ್ ನಂಬರ್. ಸೆಕ್ಷನ್ 11ರಲ್ಲಿ ಇದು ಬಿಲ್ಡರಿನ ಜವಾಬ್ದಾರಿ, ಆದ್ರೆ ನೀವು ಕತ್ತರಿಸಿ ನಿಮ್ಮ ಹೆಸರಿಗೆ ಜಾಗ ಮಾಡ್ಕೊಂಡ್ರೆ ತಪ್ಪು ನಿಮ್ಮ ತಲೆಗೆ ಬರುತ್ತೆ. ಆಮೇಲೆ ನಿಮ್ಮ ಏಜೆಂಟ್ ನಂಬರ್, "ಏಜೆಂಟ್" ಅಂತ ಬರೆದು. ಮಾಲೀಕರೇ ಹಾಕಿದ ಹಾಗೆ ತೋರಿಸ್ಕೋಬೇಡಿ.

ಷರತ್ತುಗಳ ವಿಷಯದಲ್ಲಿ 2022ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಆ್ಯಡ್ ಕನ್ನಡದಲ್ಲಿದ್ರೆ ಷರತ್ತೂ ಕನ್ನಡದಲ್ಲೇ ಇರಬೇಕು, ಅದೇ ಫಾಂಟಲ್ಲಿ ಇರಬೇಕು. ಕನ್ನಡದಲ್ಲಿ "ಮನೆ ಉಚಿತ ನೋಂದಣಿ" ಅಂತ ದೊಡ್ಡದಾಗಿ ಬರೆದು, ಕೆಳಗೆ ಇಂಗ್ಲಿಷಲ್ಲಿ ಇರುವೆ ಗಾತ್ರದಲ್ಲಿ ಷರತ್ತು ಹಾಕೋ ಹಾಗಿಲ್ಲ. ಮುಖ್ಯ ಮಾತನ್ನೇ ಷರತ್ತಿನ ಸಾಲು ತಿರುಗಿಸಿ ಹಾಕೋದೂ ನಡೆಯಲ್ಲ. ಮುಗಿದ ಮೇಲೆ ಪೋಸ್ಟರನ್ನ ಅಮ್ಮನ ಫೋನಲ್ಲಿ ತೆಗೆದು ತೋರಿಸಿ, ಅವರು ಝೂಮ್ ಮಾಡದೆ ಷರತ್ತು ಓದಿದ್ರೆ ಸರಿಯಾಗಿದೆ.

ಹಂತ 7: ಎಲ್ಲಿ ಹಾಕ್ತೀರಿ ಅನ್ನೋದಕ್ಕೂ ನಿಯಮ ಇದೆ

ಫೋನು, ಎಸ್‌ಎಂಎಸ್: ಟ್ರಾಯ್‌ನ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ಡಿಎನ್‌ಡಿ, ಅಂದ್ರೆ ಪ್ರಚಾರದ ಕರೆ ಬೇಡ ಅನ್ನೋ ವ್ಯವಸ್ಥೆಯಲ್ಲಿ ರಿಯಲ್ ಎಸ್ಟೇಟ್ ಅಂತಲೇ ಒಂದು ಬೇರೆ ವಿಭಾಗ ಇದೆ, ಜನಕ್ಕೆ ನಮ್ಮ ಮೇಲೆ ಎಷ್ಟು ಬೇಜಾರು ಅಂತ ಇದರಲ್ಲೇ ಗೊತ್ತಾಗುತ್ತೆ. ಬಲ್ಕ್ ಎಸ್‌ಎಂಎಸ್ ಕಳಿಸೋಕೆ ಡಿಎಲ್‌ಟಿಯಲ್ಲಿ (ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆ) ನೋಂದಣಿ, ಹೆಡರ್ (ಕಳಿಸೋರ ಹೆಸರಿನ ಗುರುತು), ಟೆಂಪ್ಲೇಟ್ (ಮೊದಲೇ ಒಪ್ಪಿಗೆ ಪಡೆದ ಮೆಸೇಜ್ ಮಾದರಿ) ಬೇಕು, ಪ್ರಚಾರದ ಕರೆಗೆ 140 ಸರಣಿ ಇದೆ. ಸ್ವಂತ ಸಿಮ್ಮಿಂದ ದಿನಕ್ಕೆ ಇನ್ನೂರು ಜನಕ್ಕೆ ಕರೆ ಮಾಡ್ತಿದ್ರೆ 1909ಕ್ಕೆ ದೂರು ಹೋಗಿ ನಂಬರೇ ಕಟ್ ಆಗಬೋದು. "ಅಪಾರ್ಟ್‌ಮೆಂಟ್ ಓನರ್ಸ್ ಡೇಟಾ" ಅಂತ ಎಕ್ಸೆಲ್ ಶೀಟ್ ಮಾರೋರಿಂದ ಯಾವತ್ತೂ ತಗೋಬೇಡಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಮೂಲವೇ ಒಪ್ಪಿಗೆ, ಆ ಶೀಟಲ್ಲಿರೋ ಒಬ್ಬರೂ ನಿಮಗೆ ಒಪ್ಪಿಗೆ ಕೊಟ್ಟಿಲ್ಲ.

ಫ್ಲೆಕ್ಸು, ಕರೆಂಟ್ ಕಂಬದ ಬೋರ್ಡು, ಗೋಡೆ ಬರಹ: 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಲ್ಲಿ ಅನುಮತಿ ಇಲ್ಲದೆ ಅಂಟಿಸಿದ್ರೆ 6 ತಿಂಗಳವರೆಗೆ ಜೈಲು ಅಥವಾ ದಂಡ. ಫ್ಲೆಕ್ಸ್ ಮೇಲೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧ ಇದೆ. ಮರಕ್ಕೆ ಮೊಳೆ ಹೊಡೆದು "ಸೈಟ್ ಫಾರ್ ಸೇಲ್" ತಗಡು ನೇತುಹಾಕೋದನ್ನ ದಯವಿಟ್ಟು ನಿಲ್ಲಿಸಿ. ಜಾಗದ ಒಳಗೆ, ಮಾಲೀಕರ ಕಾಂಪೌಂಡಿಗೆ ಬಟ್ಟೆ ಬ್ಯಾನರ್ ಕಟ್ಟಿದ್ರೆ ಸಾಕು. ಆಫೀಸಿನ ನಾಮಫಲಕದಲ್ಲಿ 60% ಕನ್ನಡ ಇರಲಿ.

ರೀಲ್ಸು, ಯೂಟ್ಯೂಬು: ಯಾರಿಗಾದ್ರೂ ದುಡ್ಡು ಕೊಟ್ಟೋ ಕಮಿಷನ್ ಮಾತಾಡಿಯೋ ವಿಡಿಯೋ ಮಾಡಿಸಿದ್ರೆ "ಇದು ಜಾಹೀರಾತು" ಅಂತ ಶುರುವಲ್ಲೇ ಗೊತ್ತಾಗಬೇಕು, ಮೂವತ್ತು ಹ್ಯಾಶ್‌ಟ್ಯಾಗ್ ಮಧ್ಯೆ ಬಚ್ಚಿಟ್ಟು ಅಲ್ಲ. ದಾರಿತಪ್ಪಿಸೋ ಆ್ಯಡಿಗೆ ಗ್ರಾಹಕ ಕಾಯ್ದೆಯಲ್ಲಿ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ ದಂಡ, ಪ್ರಚಾರ ಮಾಡಿದೋರಿಗೆ ಒಂದು ವರ್ಷ, ಆಮೇಲೆ ಮೂರು ವರ್ಷದವರೆಗೆ ಪ್ರಚಾರ ಮಾಡದ ಹಾಗೆ ತಡೆ ಹಾಕ್ಬೋದು. ವಿಡಿಯೋ ಮಾಡೋ ಹುಡುಗರಿಗೂ ಇದನ್ನ ಹೇಳಿ, ಪಾಪ ಅವರಿಗೆ ಗೊತ್ತೇ ಇರಲ್ಲ.

ಹಂತ 8: ಹಾಕಿದ ಮೇಲೆ

ಪ್ರತಿ ಆ್ಯಡಿನ ಸ್ಕ್ರೀನ್‌ಶಾಟ್, ಹಾಕಿದ ತಾರೀಕು, ಎಲ್ಲೆಲ್ಲಿ ಹಾಕಿದ್ರಿ, ಆ ದಿನದ ರೆರಾ ಪೇಜಿನ ಪ್ರತಿ, ಮಾಲೀಕರ ಒಪ್ಪಿಗೆ, ಎಲ್ಲಾ ಆ ಫೋಲ್ಡರಿಗೆ. ಸೆಕ್ಷನ್ 12ರಲ್ಲಿ ಆ್ಯಡ್ ಅಥವಾ ಮಾಡೆಲ್ ಫ್ಲ್ಯಾಟ್ ನಂಬಿ ದುಡ್ಡು ಕಟ್ಟಿದೋರಿಗೆ ಅದರಲ್ಲಿ ಸುಳ್ಳಿದ್ದು ನಷ್ಟ ಆದ್ರೆ ಬಿಲ್ಡರ್ ಪರಿಹಾರ ಕೊಡಬೇಕು, ಪ್ರಾಜೆಕ್ಟಿಂದ ಹಿಂದೆ ಸರಿಯೋದಾದ್ರೆ ಪೂರ್ತಿ ದುಡ್ಡನ್ನ ಬಡ್ಡಿ ಸಮೇತ ವಾಪಸ್ ಕೊಡಬೇಕು. ಆಗ ಬಿಲ್ಡರ್ ಹೇಳೋ ಮೊದಲ ಮಾತು "ಅದು ನಾವು ಕೊಟ್ಟ ಪೋಸ್ಟರ್ ಅಲ್ಲ, ಏಜೆಂಟ್ ಮಾಡ್ಕೊಂಡಿದ್ದು". ನಿಮ್ಮ ಹತ್ರ ಅವರು ಕಳಿಸಿದ ಮೂಲ ಫೈಲು, ಮೆಸೇಜು ಇಲ್ಲದಿದ್ರೆ ಉತ್ತರ ಇರಲ್ಲ.

ವಾರಕ್ಕೊಂದ್ಸಲ, ನಾನು ಸೋಮವಾರ ಬೆಳಗ್ಗೆ ಮಾಡ್ತೀನಿ, ಓಡ್ತಿರೋ ಆ್ಯಡ್‌ಗಳ ಪಟ್ಟಿ ತೆಗೆದು ನೋಡಿ. ಮಾರಿಹೋಗಿದ್ಯಾ, ರೇಟ್ ಬದಲಾಯ್ತಾ, ರಿಜಿಸ್ಟ್ರೇಷನ್ ಅವಧಿ ಮುಗೀತಾ. ಮಾರಿಹೋಗಿದ್ದನ್ನ ಅವತ್ತೇ ತೆಗೆಯಿರಿ. ಪೋರ್ಟಲಿಂದ ತೆಗೆದು ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಲ್ಲಿ ಮರೆತುಬಿಡೋದು ಎಲ್ರೂ ಮಾಡೋ ತಪ್ಪು, ಅದಕ್ಕೇ ಎಲ್ಲೆಲ್ಲಿ ಹಾಕಿದ್ರಿ ಅಂತ ಬರೆದಿಟ್ಕೊಳ್ಳಿ ಅಂದಿದ್ದು.

ಹಾಕಿದ ಮೇಲೆ ತಪ್ಪು ಗೊತ್ತಾದ್ರೆ? ಸುಮ್ನೆ ಡಿಲೀಟ್ ಮಾಡಿ ಕೂರಬೇಡಿ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡು ಆಮೇಲೆ ಇಳಿಸಿ. ಅದನ್ನ ನೋಡಿ ಫೋನ್ ಮಾಡಿದೋರ ಪಟ್ಟಿ ತೆಗೆದು ಒಬ್ಬೊಬ್ಬರಿಗೂ ಮೆಸೇಜ್ ಹಾಕಿ: "ನಾನು ಹಾಕಿದ್ದ ಆ್ಯಡಲ್ಲಿ ಇಂಥದ್ದು ತಪ್ಪಿತ್ತು, ಸರಿಯಾದ್ದು ಇದು." ಟೋಕನ್ ಕೊಟ್ಟೋರಿದ್ರೆ ಮೆಸೇಜಲ್ಲ, ಫೋನ್ ಮಾಡಿ, ವಾಪಸ್ ಬೇಕಾದ್ರೆ ಕೊಡಿಸೋ ವ್ಯವಸ್ಥೆ ಮಾಡಿ. ಬಿಲ್ಡರಿಗೂ ಬರಹದಲ್ಲಿ ತಿಳಿಸಿ, ಅವರು ಸರಿ ಮಾಡೋ ತನಕ ಆ ಪ್ರಾಜೆಕ್ಟಿನ ಹೊಸ ಆ್ಯಡ್ ನಿಲ್ಲಿಸಿ. ಆ ತುಮಕೂರಿನ ಮೇಷ್ಟ್ರು ಹೋದ ಮೇಲೆ ನಾನು ಅವತ್ತು ಸಂಜೆ ಹನ್ನೊಂದು ಜನಕ್ಕೆ ಹೀಗೆ ಫೋನ್ ಮಾಡಿದೆ. ಇಬ್ಬರು ಬೈದ್ರು, ಮಿಕ್ಕವರು ಥ್ಯಾಂಕ್ಸ್ ಅಂದ್ರು. ಮೇಷ್ಟ್ರು ಎರಡು ವರ್ಷ ಆದ ಮೇಲೆ ಫೋನ್ ಮಾಡಿ, ತಮ್ಮ ತಮ್ಮನಿಗೆ ಒಂದು ಮನೆ ನೋಡಿಕೊಡೋಕೆ ಹೇಳಿದ್ರು.